ಸರ್ಕಾರಿ ಅಫೀಮಿನ ಯಜಮಾನರು

ಯಜಮಾನರ ಬಲಗೈ ಹೆಬ್ಬೆರಳಿನ ಉಗುರು ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅನ್ನ ಕಲಸುವಾಗ ಆ ಬೆರಳೊಂದನ್ನು ಹೊರಗೆ ಚಾಚಿ, ಉಳಿದ ನಾಲ್ಕರಲ್ಲೇ ಉಣ್ಣುತ್ತಿದ್ದರು. ದಿನವಿಡೀ ಅಫೀಮು ಚಿವುಟುವ ಬೆರಳು ಅದು. ಮಾರಿದರೇ ಹೊರತು ಒಂದು ದಿನವೂ ನಾಲಗೆಗೆ ಮುಟ್ಟಿಸಿದವರಲ್ಲ.

ನಲವತ್ತರ ದಶಕದ ಆರಂಭದಲ್ಲಿ ನಾನು ಹೊನ್ನಾಳಿಯಲ್ಲಿ ಮೇಷ್ಟ್ರಾಗಿದ್ದೆ. ಅವರ ಅಂಗಡಿಯ ಪಕ್ಕದ ಕೋಣೆಯಲ್ಲೇ ಬಾಡಿಗೆಗಿದ್ದೆ. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಪ್ರಜೆಗಳನ್ನು ಮಂಕು ಮಾಡುವ ಅಧಿಕಾರವನ್ನು ಮೈಸೂರು ಸರ್ಕಾರ ಲೈಸೆನ್ಸಿನ ಮೂಲಕ ಅವರಿಗೆ ದಯಪಾಲಿಸಿತ್ತು. ಅದನ್ನು ಯಜಮಾನರು ದೇವರ ಪೂಜೆಯಷ್ಟೇ ಮಡಿಯಿಂದ ನಡೆಸುತ್ತಿದ್ದರು.

ಕೂಲಿಗೆ ಹೋಗುವ ತಾಯಂದಿರು ಕೂಸು ಮಲಗಲೆಂದು ಅಫೀಮು ಒಯ್ಯುತ್ತಿದ್ದ ಕಾಲ. ಪ್ರತಿಯೊಬ್ಬಳ ಅಂಗೈಯಲ್ಲೂ ಯಜಮಾನರು ಒಂದು ಎಳ್ಳುಕಾಳು ಇಡುತ್ತಿದ್ದರು. “ಇಷ್ಟೇ ಕಣವ್ವಾ. ಇದರ ಮ್ಯಾಲೆ ಕೊಟ್ರೆ ಕೂಸು ಏಳಂಗಿಲ್ಲ.”

ಗಡಿಯಾಚೆಯಿಂದ ಕಳ್ಳ ಅಫೀಮು ತಂದು, ಉಮ್ಮತ್ತಿಯ ವಿಷಬೀಜ ಅರೆದು ಬೆರೆಸಿ ಮಾರುವವನೂ ಒಬ್ಬನಿದ್ದ. ಅವನ ಮಾತು ಬಂದರೆ ಯಜಮಾನರು ನಗುತ್ತಿದ್ದರು. “ರಾಜಾರೋಷಾಗಿ ಸಿಗೋವಾಗ ಕಳ್ಳನ್ ಹತ್ರ ಯಾಕೆ ಹೋಗ್ತಾರೆ ಮೇಷ್ಟ್ರೇ? ನನ್ ಬಾಗ್ಲು ತೆಗ್ದಿದ್ರೆ ಅವನ ಬಾಗ್ಲು ಮುಚ್ಚತೈತೆ.”

ಆದರೂ ಜನ ಹೋಗುತ್ತಿದ್ದರು. ಕಳ್ಳನಿಗೆ ಮುಚ್ಚುವ ವೇಳೆಯಿಲ್ಲ, ತೂಕದ ಮಿತಿಯಿಲ್ಲ; ಹಿತ್ತಲಿಗೇ ತಂದು ಕೊಡುತ್ತಿದ್ದ.

ಆಗ ನಾನು ನನ್ನ ಬುದ್ಧಿ ಉಪಯೋಗಿಸಿದೆ. ಪೊಟ್ಟಣದ ಕಾಗದಕ್ಕೆ ಮುದ್ರೆ ಒತ್ತಿದರೆ ಅಸಲಿ ಯಾವುದೆಂದು ಓದು ಬಾರದವರಿಗೂ ತಿಳಿಯುತ್ತದೆ ಎಂದೆ. “ಓದಿದ ತಲೆ ಅಂದ್ರೆ ಇದು ನೋಡ್ರಿ!” ಎಂದು ಹಿಗ್ಗಿದರು. ಕೆಂಪು ಶಾಯಿಯ ಮುದ್ರೆ ಬಂತು. ಮೂರೇ ತಿಂಗಳಲ್ಲಿ ಊರೂರು ಅದನ್ನು ನಂಬಿತು. ಕಳ್ಳನೂ ನಂಬಿದ. ಮನೆಮನೆಗೆ ಚಿಟಿಕೆ ನಶ್ಯ ಕೊಟ್ಟು ಖಾಲಿಯಾದ ಮುದ್ರೆಯ ಕಾಗದಗಳನ್ನು ಒಟ್ಟುಮಾಡಿ, ತನ್ನ ಸರಕನ್ನು ಅವುಗಳಲ್ಲೇ ಕಟ್ಟಿದ.

ಒಂದು ಬೆಳಿಗ್ಗೆ ಸಾಸ್ವೆಹಳ್ಳಿಯ ಕೂಲಿ ಹೆಂಗಸೊಬ್ಬಳು ಬಂದು, ಕೆಂಪು ಮುದ್ರೆಯ ಪೊಟ್ಟಣವನ್ನು ಅಂಗಡಿಯ ಮೆಟ್ಟಿಲ ಮೇಲಿಟ್ಟಳು. ಹಿಂದಿನ ದಿನ ಅವಳ ಕೂಸನ್ನು ಮಣ್ಣು ಮಾಡಿದ್ದರು. ಅವಳು ಅಳಲಿಲ್ಲ.

“ನೀವು ತೋರ್ಸಿದಷ್ಟೇ ಕೊಟ್ಟೆ ಯಜಮಾನ್ರೇ. ಎಳ್ಳಿನಷ್ಟೇ.”

ಯಜಮಾನರು ಬಿಚ್ಚಿ ಮೂಸಿದರು. “ಕಾಗದ ನಂದು ತಾಯಿ. ಸರಕು ನಂದಲ್ಲ.”

“ಹಂಗಂದ್ರೆ ನನ್ ಕೂಸು ಏಳತೈತಾ?”



ಅಬಕಾರಿ ಅಧಿಕಾರಿ ವಿಚಾರಣೆಗೆ ಬಂದು, ಮುದ್ರೆಯ ಉಪಾಯ ಯಾರದ್ದೆಂದು ಕೇಳಿದರು. ನಾನು ಅಲ್ಲೇ ಕಂಬಕ್ಕೊರಗಿ ನಿಂತಿದ್ದೆ.

“ನಂದೇ ಸ್ವಾಮಿ,” ಎಂದರು ಯಜಮಾನರು. ನನ್ನತ್ತ ತಿರುಗಲೂ ಇಲ್ಲ. ನಾನೂ ಬಾಯಿ ಬಿಡಲಿಲ್ಲ.

ಲೈಸೆನ್ಸ್ ಹೋಯಿತು. ಅಂಗಡಿ ಮುಚ್ಚಿದ ಮೇಲೆ ಕಳ್ಳನ ವ್ಯಾಪಾರ ಇನ್ನೂ ಬೆಳೆಯಿತು. ಹೊಲದ ಕಳೆ ಕೀಳುವುದು ನಿಲ್ಲುವಂತಿರಲಿಲ್ಲ, ಕೂಸುಗಳು ಮಲಗಲೇಬೇಕಿತ್ತು. ಈಗ ಎಳ್ಳುಕಾಳು ಇಟ್ಟು ತೋರಿಸುವವರೂ ಇರಲಿಲ್ಲ. ವರ್ಷ ತುಂಬುವ ಮೊದಲೇ ಯಜಮಾನರು ತೀರಿಕೊಂಡರು.

ನಾನು ನಿವೃತ್ತನಾದ ದಿನ ಊರವರು ಹಾರ ಹಾಕಿ, ನನ್ನ ಪ್ರಾಮಾಣಿಕತೆಯ ಬಗ್ಗೆ ದೀರ್ಘವಾಗಿ ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕುಳಿತೆ. ಅದನ್ನು ವಿನಯವೆಂದುಕೊಂಡು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.