ಕಾಕಾ ಇಳಿದ ಹಗೇವು

ಟಿವಿಯಲ್ಲಿ ಬಾಹ್ಯಾಕಾಶದ ಸಿನಿಮಾ ನಡೆದಿತ್ತು. ಗಾಳಿ ತೀರಿದ ಗಗನಯಾತ್ರಿ ಕೂಗದೆ ಕುಸಿದಾಗ ಕಾಲೇಜು ಓದುವ ಮೊಮ್ಮಗಳು ನಕ್ಕಳು. “ಇಷ್ಟ ಲಗೂ ಯಾರರ ಸಾಯ್ತಾರೇನ ಆಯಿ? ಬರೇ ಸುಳ್ಳ.”

ನನಗೆ ಶಾಲೆ ಓದುತ್ತಿದ್ದಾಗಿನ ಏಕಸಂಬಿಯ ತವರಿನ ಅಂಗಳ ಕಂಡಿತು. ನೆಲದಡಿ ಜೋಳ ತುಂಬಿಟ್ಟ ಹಗೇವಿನ ಬಾಯಿ ತೆಗೆದಿದ್ದರು. ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು.

“ಮೊದಲ ಕಂದೀಲ ಇಳಸ್ರಿ. ಅದು ಆರಿದ್ರ ಒಳಗ ಗಾಳಿ ಇಲ್ಲಂತ, ಸಾಲ್ಯಾಗ ಹೇಳ್ಯಾರ,” ಅಂದೆ.

“ಸಾಲಿ ಕಲತು ನಮಗ ಕಲಸಾಕ ಬಂದಿ ಏನ ಬೇ?” ಎಂದು ನನ್ನ ಅಜ್ಜ ಗದರಿದರು.

ಜೋಳ ತೆಗೆಯಲು ಕಾಕಾ ಕಂದೀಲಿಲ್ಲದೆ ಇಳಿದವರೇ ಕುಸಿದರು. ಒಂದು ಕೂಗೂ ಬರಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಹಗ್ಗ ಜಗ್ಗಿ ಮೇಲೆತ್ತಿದಾಗ ಜೀವವಿರಲಿಲ್ಲ. ದೆವ್ವ ಬಡಿಯಿತೆಂದು ಅಜ್ಜ ಊರಿಗೆಲ್ಲ ಹೇಳಿದರು. ಸಾಯುವವರೆಗೂ ತಪ್ಪು ಒಪ್ಪಲಿಲ್ಲ. ನಾನೂ ಅವರನ್ನು ಕ್ಷಮಿಸಲಿಲ್ಲ.

“ಸಾಯ್ತಾರ. ಕೂಗಾಕೂ ಆಗಂಗಿಲ್ಲ,” ಅಂದೆ. ಮೊಮ್ಮಗಳು ಟಿವಿ ಬಂದ್ ಮಾಡಿದಳು. ಈ ಮನೆಯಲ್ಲಿ ಈಗ ನನ್ನ ಮಾತು ಮೀರುವವರಿಲ್ಲ. ಆ ಬೆಲೆ ಅವತ್ತು ಹಗೇವಿನ ಮುಂದೆ ಬೇಕಾಗಿತ್ತು.