ಬೀರಪ್ಪನ ಪಾಲಿನ ಗುಟುಕು

ಯಾವುದನ್ನೇ ಆಗಲಿ ಬಾಯಿಗಿಡುವ ಮೊದಲು ಮೂಸಿ ನೋಡುವುದು ನನಗೆ ಜನ್ಮಕ್ಕಂಟಿದ ಚಟ. ಬಿಸಿ ರೊಟ್ಟಿಯಿರಲಿ, ಮಠದ ಪ್ರಸಾದವಿರಲಿ, ಕೈಗಿಂತ ಮೊದಲು ನನ್ನ ಮೂಗು ಅಲ್ಲಿ ಹಾಜರು. ನೈವೇದ್ಯವನ್ನು ಮೂಸಬಾರದೆಂಬ ಶಾಸ್ತ್ರ ಹುಟ್ಟಿದ್ದೇ ನಿಮ್ಮಂಥವರಿಂದ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಆದರೆ ಈ ಹಾಳು ಚಟಕ್ಕೂ ಒಂದು ದಿನ ಕೆಲಸ ಬಂತೆಂದರೆ ನೀವು ನಂಬಬೇಕು. ಬಂದ ಕೆಲಸ ಮಾತ್ರ ಸಂತೋಷದ್ದಲ್ಲ.

ಮಾರಿಕಣಿವೆಯ ಅಣೆಕಟ್ಟೆಯಲ್ಲಿ ತೂಬಿನ ಉಸ್ತುವಾರಿ ನೋಡುತ್ತಿದ್ದ ಬೀರಪ್ಪ, ಹಿರಿಯೂರಿನಲ್ಲಿ ಮೇಷ್ಟರಾಗಿದ್ದ ನನಗೆ ಬಾಲ್ಯದ ಗೆಳೆಯ. ಅವನು ನಿವೃತ್ತನಾದಾಗ ಜೊತೆಯವರೆಲ್ಲ ಸೇರಿ ಒಂದು ವಿಸ್ಕಿ ಬಾಟಲಿ ಕೊಟ್ಟರು. ಅಂತಿಂಥದಲ್ಲ, ಶೆರಿ ಎಂಬ ದ್ರಾಕ್ಷಾಮದ್ಯವನ್ನು ಕುಡಿದು ತಣಿದಿದ್ದ ಓಕ್ ಮರದ ಪೀಪಾಯಿಯಲ್ಲಿ ಹದಿನೆಂಟು ವರ್ಷ ಮಲಗಿ ಎದ್ದುಬಂದ ಸಿಂಗಲ್ ಮಾಲ್ಟ್. ಕೊರಳಿಗೆ ಲಿಂಗ ಕಟ್ಟಿಕೊಂಡೂ ನಾಲಗೆಯನ್ನು ಕಟ್ಟಲಾರದ ನಾನು ಅದರ ಸುತ್ತ ಎಷ್ಟು ಪ್ರದಕ್ಷಿಣೆ ಹಾಕಿದರೂ ಬೀರಪ್ಪ ಮುಚ್ಚಳ ಮುಟ್ಟಲಿಲ್ಲ. ಒಳ್ಳೆಯ ದಿನ ಬರಲಿ ಎನ್ನುತ್ತಿದ್ದ. ಮಗಳ ಮದುವೆಯಾಯಿತು, ಅವನು ಕಾಯ್ದ ಅಣೆಕಟ್ಟೆ ಅಪರೂಪಕ್ಕೆ ತುಂಬಿ ಕೋಡಿ ಬಿತ್ತು, ಆ ದಿನಗಳೂ ಅವನಿಗೆ ಸಾಲದೆನಿಸಿದವು. ಕೊನೆಗೆ ಬಂದದ್ದು ಗಂಟಲ ಕ್ಯಾನ್ಸರ್.

ದಾವಣಗೆರೆಯ ಆಸ್ಪತ್ರೆಗೆ ಓಡಾಡಿ, ಜನ ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಕೊಡಿಸಿದರು. ಗಡ್ಡೆ ಜಗ್ಗಲಿಲ್ಲ, ನಾಲಗೆಯ ರುಚಿಯೂ ಮೂಗಿನ ವಾಸನೆಯೂ ಸುಟ್ಟುಹೋದವು. ಗಂಜಿ ಕೂಡ ಅವನಿಗೆ ಸುಣ್ಣದ ನೀರು. ಅಂಥದೊಂದು ಮಧ್ಯಾಹ್ನ ಅವನು ಹೆಂಡತಿ ಗಿರಿಜಕ್ಕನಿಂದ ಬಾಟಲಿ ತರಿಸಿ, ಸ್ಟೀಲ್ ಲೋಟಕ್ಕೆ ಬಗ್ಗಿಸಿ, ನನ್ನ ಮುಂದಕ್ಕೆ ತಳ್ಳಿದ.

"ನನ್ ನಾಲ್ಗೆ ಸತ್ತೋಗೈತೆ ಕಣಪ್ಪ. ನೀನು ಕುಡ್ದು ಹೇಳು. ಹೆಂಗೈತೆ ಅಂತ ತಿಳ್ಕಂಡಾದ್ರೂ ಹೋಗ್ತೀನಿ."

ನಾನು ಮೂಸಿದೆ, ಗುಟುಕರಿಸಿದೆ, ಗಂಭೀರ ಮಾಧುರ್ಯ, ಸುದೀರ್ಘ ಅನುರಣನ ಎಂದೆಲ್ಲ ಶುರುಮಾಡಿದೆ. ಅವನು ಬೇಸರದಿಂದ ಕೈಯಾಡಿಸಿದ. ನಾಚಿಕೆಯಾಗಿ ಮತ್ತೆ ಮೂಸಿದೆ. ಒಣದ್ರಾಕ್ಷಿ ಎಂದೆ, ಉತ್ತುತ್ತೆ ಎಂದೆ, ದ್ರಾಕ್ಷಾರಿಷ್ಟದ ಬಿರಡೆ ತೆಗೆದ ಹಾಗೆ ಎಂದೆ. ಒಲೆಯ ಮೇಲೆ ತುಸು ಸೀದ ಬೆಲ್ಲದ ಪಾಕ, ಕಿತ್ತಳೆ ಸಿಪ್ಪೆ, ನಿಮ್ಮಜ್ಜಿಯ ಮರದ ಪೆಟ್ಟಿಗೆಯ ಒಳಗಿನ ಘಮ. ನುಂಗಿದ ಮೇಲೆ ಎದೆಯಲ್ಲಿ ಬಹಳ ಹೊತ್ತು ನಿಲ್ಲುವ ಬಿಸಿ. ಕಣ್ಣು ಮುಚ್ಚಿ ಕೇಳುತ್ತಿದ್ದ ಬೀರಪ್ಪನ ಗಂಟಲು ನನ್ನ ಒಂದೊಂದು ಮಾತಿಗೂ ಏರಿ ಇಳಿಯುತ್ತಿತ್ತು. ಬರೀ ಎಂಜಲು ನುಂಗುವುದಕ್ಕೂ ನೋವಾಗಿ ಮುಖ ಕಿವುಚುತ್ತಿದ್ದ, ಆದರೂ ನಿಲ್ಲಿಸಬೇಡವೆಂದು ಸನ್ನೆ ಮಾಡುತ್ತಿದ್ದ. ಅಷ್ಟು ಒಳ್ಳೆಯ ಮದ್ಯವನ್ನು ನಾನು ಹಿಂದೆ ಕುಡಿದಿರಲಿಲ್ಲ. ಅಷ್ಟು ಸಂಕಟದಿಂದ ಯಾವುದನ್ನೂ ನುಂಗಿರಲಿಲ್ಲ.

ಆ ತಿಂಗಳು ದಾಟುವ ಮೊದಲೇ ಅವನು ಹೋದ.

ಮಹಾಲಯ ಅಮಾವಾಸ್ಯೆಗೆ ಅವರ ಮನೆಯಲ್ಲಿ ಹಿರಿಯರಿಗೆ ಎಡೆ. ಸತ್ತವರು ಇಷ್ಟಪಟ್ಟಿದ್ದನ್ನೆಲ್ಲ ಬಡಿಸಿ, ಅವರು ಬಂದು ಉಣ್ಣಲೆಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ತೆರೆಯುವ ತನಕ ಒಳಗೆ ಬದುಕಿದವರು ಯಾರೂ ಇರಕೂಡದು. ಗಿರಿಜಕ್ಕ ಫೋಟೋದ ಮುಂದೆ ಮುದ್ದೆ, ಬಾಡಿನ ಸಾರು, ಬೀಡಿ ಕಟ್ಟು ಇಟ್ಟು, ಕೊನೆಗೆ ಆ ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿದರು. ಎಡೆಯನ್ನು ಮೂಸಬಾರದಲ್ಲ, ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಎಲ್ಲರೊಡನೆ ಹೊಸಿಲು ದಾಟುವಾಗ ಗಿರಿಜಕ್ಕ ಅಡ್ಡ ಬಂದರು.

"ನೀವು ಒಳಗೇ ಇರ್ರಿ ಮೇಷ್ಟ್ರೇ. ಅವ್ರಿಗೆ ರುಚಿ ಯಾರು ಹೇಳ್ತಾರೆ?"

ಬಾಗಿಲು ಮುಚ್ಚಿಕೊಂಡಿತು. ನಾನು ಫೋಟೋದ ಎದುರು ಕುಳಿತು, ಲೋಟ ಎತ್ತಿ, ಮೂಸಬಾರದ್ದನ್ನು ಮೂಸಿದೆ. ಒಣದ್ರಾಕ್ಷಿ ಎಂದೆ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ. ಉತ್ತುತ್ತೆ ಎಂದೆ. ಫೋಟೋದಲ್ಲಿ ಬೀರಪ್ಪನ ಗಂಟಲು ಅಲುಗಲಿಲ್ಲ. ಬಾಗಿಲು ತೆರೆಯುವವರೆಗೂ ನಾನು ಹೇಳುತ್ತಲೇ ಇದ್ದೆ.