ಅಜ್ಜಿ – ಕನೆಕ್ಟೆಡ್

ಆ ದಿನವೂ ನಲ್ಲಿಯಲ್ಲಿ ನೀರು ಬಂದದ್ದು ಆರಕ್ಕೆ. ಎರಡು ಬಕೆಟ್ ತುಂಬಿಟ್ಟು, ಹಾಲಿನ ಪ್ಯಾಕೆಟ್ ತೊಳೆದು ಕತ್ತರಿಸಿ ಒಲೆಗಿಟ್ಟೆ. ಚಪಾತಿ, ಹೆಸರುಕಾಳಿನ ಪಲ್ಯ, ಎರಡು ಡಬ್ಬಿ. ಎಂಟಕ್ಕೆ ಗಂಡ ಪರೇಲಿನ ಆಫೀಸಿಗೆ ಹೊರಟರು, ಅವರ ಹಿಂದೆಯೇ ಮಗಳು ಫೋರ್ಟಿಗೆ. ಇಬ್ಬರೂ ಇಳಿದು ಹೋದ ಮೇಲೆ ಮಾಟುಂಗದ ನಮ್ಮ ಎರಡು ಕೋಣೆಯ ಮನೆ ಸ್ವಲ್ಪ ಹೊತ್ತು ದೊಡ್ಡದೆನಿಸುತ್ತದೆ. ಚಹಾ ಲೋಟ ಹಿಡಿದು ಅಡುಗೆಮನೆಯ ಗೋಡೆಗೆ ಒರಗಿ ಕೂತು, ಮಗಳ ಹಳೆಯ ಲ್ಯಾಪ್‌ಟಾಪ್ ತೆರೆದೆ.

ಮರುದಿನ ಅತ್ತೆಯವರ ವರ್ಷಾಂತಿಕ. ಅವರು ಆರತಿ ಹಾಡು ಹೇಳಿದ್ದನ್ನು ಮಗಳು ಒಮ್ಮೆ ರೆಕಾರ್ಡ್ ಮಾಡಿದ್ದಳು. ಅವರ ಧ್ವನಿ ಎಂದು ನಮ್ಮಲ್ಲಿ ಉಳಿದದ್ದು ಅದೊಂದೇ. ಧಾರವಾಡದ ಹಿರಿಯರು, ವರ್ಷ ತುಂಬುವ ತನಕ ಹೋದವರ ಧ್ವನಿ ಮನೆಯಲ್ಲಿ ಕೇಳಿಸಬಾರದು, ಅವರಿಗೆ ಮುಂದೆ ಹೋಗಲು ಕಾಲು ಬರುವುದಿಲ್ಲ ಎಂದಿದ್ದರು. ನನ್ನ ಗಂಡ ಅದನ್ನು ನಂಬಿದರೋ, ಇಲ್ಲ ಕೇಳುವ ಧೈರ್ಯವಿಲ್ಲದೆ ಆ ಮಾತನ್ನೇ ಹಿಡಿದುಕೊಂಡರೋ, ನಾನು ಕೇಳಿಲ್ಲ. ಹಿಂದಿನ ರಾತ್ರಿ ಉಣ್ಣುತ್ತ, ತಟ್ಟೆಯಿಂದ ತಲೆ ಎತ್ತದೆ ಅಂದರು: "ನಾಳಿದ್ದಿಗೆ ವರ್ಷ ಮುಗೀತದ. ಅವ್ವನ ಹಾಡು ಅದ ಅಲ್ಲಾ?"

ಅದ ಎಂದೆ. ಆದರೆ ಹಿಂದಿನ ತಿಂಗಳು ಲ್ಯಾಪ್‌ಟಾಪ್ ತುಂಬಿಹೋಗಿದೆ ಎಂದು ಬೇಡದ್ದನ್ನೆಲ್ಲ ಅಳಿಸಿದವಳು ನಾನೇ. ಅದಕ್ಕೇ ನೋಡಿಕೊಳ್ಳಬೇಕಿತ್ತು. ಇನ್ನೂ ಒಂದು ದಿನ ಬಾಕಿ ಇದ್ದುದರಿಂದ ಹೆಡ್‌ಫೋನ್ ಹಾಕಿಕೊಂಡೆ. ನನ್ನ ಕಿವಿಯೊಳಗೆ ಕೇಳಿದ್ದು ಮನೆಯಲ್ಲಿ ಕೇಳಿದಂತಾಗದು ಎಂದು ನನಗೆ ನಾನೇ ಹೇಳಿಕೊಂಡೆ.

ಹಾಡು ಇತ್ತು. ಒತ್ತಿದೆ. ಪರದೆಯ ಮೇಲೆ ಗೆರೆ ಸರಿಯತೊಡಗಿತು, ಸೆಕೆಂಡುಗಳು ಓಡಿದವು. ಕಿವಿಯಲ್ಲಿ ಮಾತ್ರ ಏನೂ ಇಲ್ಲ.

ವಾಲ್ಯೂಮ್ ಏರಿಸಿದೆ, ನೂರರ ತನಕ. ಹೆಡ್‌ಫೋನಿನ ಪಿನ್ ಕಿತ್ತು ಸೆರಗಿನಲ್ಲಿ ಒರೆಸಿ ಮತ್ತೆ ಚುಚ್ಚಿದೆ. ಚುಚ್ಚುವ ತೂತಿಗೆ ಉಫ್ ಎಂದು ಊದಿ, ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದಾಗ ಒಂದು ಎಳೆ ಬೂದು ಧೂಳು ಬಂತು. ಇದೇ ಇರಬೇಕು ಎಂದು ಮತ್ತೆ ಮೊದಲಿನಿಂದ ಹಚ್ಚಿದೆ. ಇಲ್ಲ. ಹೆಡ್‌ಫೋನ್ ಕೆಟ್ಟಿರಬಹುದೆಂದು ಫೋನಿಗೆ ಚುಚ್ಚಿ ನೋಡಿದರೆ, ಅಲ್ಲಿ ಎರಡೂ ಕಿವಿಯಲ್ಲಿ ಸ್ವಚ್ಛವಾಗಿ ಕೇಳುತ್ತದೆ. ಹಾಗಾದರೆ ಹಾಡೇ ಖಾಲಿಯಾಗಿದೆ; ಹೆಸರು ಉಳಿದು ಧ್ವನಿ ಹೋಗಿದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಪೆನ್ಸಿಲ್ ಕಳೆದಾಗ ಸಿಸ್ಟರ್ ನಮ್ಮಿಂದ ಹೇಳಿಸುತ್ತಿದ್ದ ಪುಟ್ಟ ಪ್ರಾರ್ಥನೆ ತಾನಾಗಿ ಬಾಯಿಗೆ ಬಂತು.

ಆಗ ಏನೋ ಕೇಳಿತು. ಹೆಡ್‌ಫೋನಿನಲ್ಲಲ್ಲ, ಅದರ ಮೆತ್ತೆಯ ಆಚೆ, ದೂರದಲ್ಲಿ, ಗೋಡೆಯ ಒಳಗಿಂದ ಬಂದ ಹಾಗೆ. ಹಾಡು ನಿಲ್ಲಿಸಿ ಹೆಡ್‌ಫೋನ್ ತೆಗೆದೆ. ಫ್ರಿಜ್ಜಿನ ಗುಂಯ್ ಮಾತ್ರ. ಮತ್ತೆ ಹಾಕಿಕೊಂಡು ಹಾಡು ಹಚ್ಚಿದೆ. ಮತ್ತೆ ಅದೇ, ರಾಗ ಎನ್ನಲಾಗದಷ್ಟು ಸಣ್ಣದು. ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ತೋಳಿನ ಮೇಲೆ ಕೂದಲು ಎದ್ದು ನಿಂತದ್ದನ್ನು ನೋಡಿದೆ. ಒರಗಿದ್ದ ಗೋಡೆಯಿಂದ ಸ್ವಲ್ಪ ಸರಿದು ಕೂತೆ.

ಲ್ಯಾಪ್‌ಟಾಪ್ ಬಂದ್ ಮಾಡಿ ಚಾಲು ಮಾಡಿದೆ. ಹೀಗೆ ಏಳೆಂಟು ಸಲ ಹಾಡು ಮೊದಲಿನಿಂದ ಹಚ್ಚಿದ್ದಿರಬೇಕು; ಮೂರ್ನಾಲ್ಕು ಸಲ ಕೊನೆಯ ತನಕ ಓಡಲು ಬಿಟ್ಟೆ. ಕೊನೆಗೆ ಮಗಳಿಗೆ ಫೋನ್ ಮಾಡಿದೆ. ಆಫೀಸಿನಲ್ಲಿ ಯಾರೋ ಪಕ್ಕದಲ್ಲಿದ್ದಂತೆ ಮೆಲ್ಲಗೆ ಮಾತಾಡಿದಳು.

"ಅಮ್ಮಾ, ಸ್ಕ್ರೀನಿನ ಕೆಳಗ ಕಾರ್ನರ್‌ನ್ಯಾಗ ಸ್ಪೀಕರಿನ ಚಿತ್ರ ಅದ ನಾ, ಅದರ ಬಾಜೂಕ ಆ್ಯರೋ. ಒತ್ತು. ಲಿಸ್ಟ್ ಬರ್ತದ. ಟಿಕ್ ಯಾವುದಕ್ಕದ, ಓದು."

ಒತ್ತಿದೆ. ಎರಡು ಸಾಲು ಬಂದವು. ಹೆಡ್‌ಫೋನಿನ ಮುಂದೆ ಏನೂ ಇರಲಿಲ್ಲ. ಇನ್ನೊಂದು ಸಾಲಿನಲ್ಲಿ ಇದ್ದದ್ದನ್ನು ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ, ಆಮೇಲೆ ಬಾಯಿ ಬಿಟ್ಟೆ.

"ಅಜ್ಜಿ. ಕನೆಕ್ಟೆಡ್."

ಫೋನಿನ ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಅವಳೇ ಕೇಳಿದಳು. "ಆ ಸ್ಪೀಕರ್ ಯಾರಿಗೆ ಕೊಟ್ವಿ ಅಮ್ಮಾ?"

ಆಗ ನೆನಪಾಯಿತು. ಅತ್ತೆ ಬೆಳಿಗ್ಗೆ ಭಜನೆ ಕೇಳಲೆಂದು ಮಗಳು ಒಂದು ಪುಟ್ಟ ಬ್ಲೂಟೂತ್ ಸ್ಪೀಕರ್ ತಂದಿದ್ದಳು. ಈ ಲ್ಯಾಪ್‌ಟಾಪಿಗೆ ಜೋಡಿಸಿ, ತಮಾಷೆಗೆ ಅದಕ್ಕೆ ಅಜ್ಜಿ ಎಂದು ಹೆಸರಿಟ್ಟಿದ್ದಳು. ಹದಿಮೂರನೆಯ ದಿನ ಅತ್ತೆಯ ಸೀರೆ, ಶಾಲು, ತಾಮ್ರದ ಚೊಂಬು ಕೊಡುವಾಗ ಅದನ್ನೂ ಕೊಟ್ಟೆವು, ಪಕ್ಕದ ಮನೆಯ ಉಡುಪಿಯ ಅಕ್ಕನಿಗೆ. ಅವರು ಅತ್ತೆಗೆ ಮೂವತ್ತು ವರ್ಷದ ಚಹಾದ ಜೊತೆ. ಸ್ನಾನ ಮಾಡಿ ಬಂದು ದಿನವೂ ಅದನ್ನು ಚಾಲು ಮಾಡುತ್ತಾರೆ. ನಮ್ಮ ಎರಡು ಅಡುಗೆಮನೆಗಳ ನಡುವೆ ಇರುವುದು ಒಂದೇ ಗೋಡೆ.

ಹೆಡ್‌ಫೋನಿನ ಸಾಲು ಒತ್ತಿದೆ. ಟಿಕ್ ಇತ್ತ ಬಂತು. ಮರುಕ್ಷಣ ಅತ್ತೆ ನನ್ನ ಕಿವಿಯೊಳಗೆ ಇದ್ದರು, ನೂರು ವಾಲ್ಯೂಮಿನಲ್ಲಿ. ಬೆಚ್ಚಿ ಇಳಿಸಿದೆ. ಏನೂ ಹೋಗಿರಲಿಲ್ಲ. ಎರಡನೆಯ ನುಡಿಯ ಮೊದಲು ಅವರು ಎಳೆದುಕೊಳ್ಳುವ ಉಸಿರು, ಕುಕ್ಕರಿನ ಸೀಟಿ, ಬಳೆಯ ಸಪ್ಪಳ. ನಾಳೆ ಇದನ್ನು ನನ್ನ ಗಂಡ ಕೇಳಬಹುದು ಎಂದು ಕಣ್ಣು ತುಂಬಿತು. ಹಾಡು ಮುಗಿಯುವ ಮೊದಲೇ ಅತ್ತೆ ಅದನ್ನು ನಡುವೆ ಬಿಟ್ಟು, ಕಿಟಕಿಯ ಕಡೆ ತಿರುಗಿ ಕರೆಯುತ್ತಾರೆ. ಅದು ಅದರಲ್ಲಿದೆ ಎಂಬುದನ್ನೇ ನಾನು ಮರೆತಿದ್ದೆ.

"ಅಕ್ಕಾರ, ಚಹಾ ಆಗೇದ. ಬರ್ರಿ."

ಹೆಡ್‌ಫೋನ್ ತೆಗೆದಿಟ್ಟೆ. ನನ್ನ ಮನೆಯಲ್ಲಿ ಕೇಳಿಸಬಾರದೆಂದು ಇಷ್ಟು ಜೋಪಾನ ಮಾಡಿದ ಧ್ವನಿಯನ್ನು ಬೆಳಿಗ್ಗೆಯೆಲ್ಲ ಇನ್ನೊಬ್ಬರ ಮನೆಯಲ್ಲಿ ಗಟ್ಟಿಯಾಗಿ ಕೂಗಿಸಿದ್ದೆ. ಕೂಡಲೇ ಹೋಗಿ ಹೇಳಬೇಕಿತ್ತು. ನಾಚಿಕೆ ಅಡ್ಡ ಬಂತು. ಪಕ್ಕದ ಮನೆಯಿಂದ ಒಂದು ಸಪ್ಪಳವೂ ಇರಲಿಲ್ಲ. ಮಧ್ಯಾಹ್ನದವರೆಗೆ ಆ ಗೋಡೆಗೆ ಎರಡು ಸಲ ಕಿವಿ ಕೊಟ್ಟೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಕ್ಕ ತಾವಾಗಿಯೇ ಬಂದರು. ನಾಳೆಗೆಂದು ಮಾರ್ಕೆಟ್ಟಿನಿಂದ ಬಾಳೆ ಎಲೆ ತಂದಿದ್ದರು, ಒದ್ದೆ ಬಟ್ಟೆಯಲ್ಲಿ ಸುತ್ತಿ. ಎಲೆ ಎಷ್ಟು, ಭಟ್ಟರು ಎಷ್ಟಕ್ಕೆ ಬರುತ್ತಾರೆ ಎಂದೆಲ್ಲ ಕೇಳಿದರು. ಸ್ಪೀಕರಿನ ಮಾತು ಎಲ್ಲಿಂದ ತೆಗೆಯಲಿ ಎಂದು ನಾನು ಎಲೆಯ ತುದಿ ಸರಿಮಾಡುತ್ತ ನಿಂತಿದ್ದೆ. ಅಷ್ಟರಲ್ಲಿ ಅವರು ಹೊಸ್ತಿಲು ದಾಟಿ, ಬಾಗಿಲ ಚೌಕಟ್ಟು ಹಿಡಿದು ಚಪ್ಪಲಿಗೆ ಕಾಲು ತೂರಿಸುತ್ತಿದ್ದರು.

"ಬೆಳಿಗ್ಗೆ ನಿನ್ನ ಅತ್ತೆ ಚಹಾಕ್ಕೆ ಕರೆದದ್ದೇ ಕರೆದದ್ದು ಮಾರಾಯ್ತಿ," ಅಂದರು. "ನನ್ನ ಕೈಯೆಲ್ಲ ಹಿಟ್ಟು. ನಾಳೆ ಬರ್ತೇನೆ ಅಂತ ಹೇಳಿದ ಮೇಲೆಯೇ ಸುಮ್ಮನಾದದ್ದು."